ಬಾರದ ಯುದ್ಧಕ್ಕೆ ಕಾದು ಕೂತ ಊರು: ಕಿಂಗ್‌ಸ್ಟನ್ ಪ್ರವಾಸ

ಬುಧವಾರ

ಕೆನಡಾದಲ್ಲಿ ಟೊರೊಂಟೊ, ಮಾಂಟ್ರಿಯಲ್ ನಡುವೆ ಓಡಾಡುವವರಿಗೆಲ್ಲ ಕಿಂಗ್‌ಸ್ಟನ್ ಹೆಸರು ಗೊತ್ತು. 401 ಹೆದ್ದಾರಿಯ ಬೋರ್ಡಿನಲ್ಲಿ ಓದಿರುತ್ತಾರೆ, ಪೆಟ್ರೋಲಿಗೋ ಕಾಫಿಗೋ ನಿಲ್ಲಿಸಿರುತ್ತಾರೆ, ಮುಂದಕ್ಕೆ ಹೋಗಿರುತ್ತಾರೆ. ನಮ್ಮ ಅಕ್ಕ, ಭಾವ ಕೂಡ ಇದೇ ಪಂಗಡದವರು. ಎಷ್ಟೋ ವರ್ಷದಿಂದ ಟೊರೊಂಟೊದಲ್ಲಿದ್ದರೂ ಊರೊಳಗೆ ಕಾಲಿಟ್ಟದ್ದು ಮಗಳು ಅಲ್ಲಿನ ಕ್ವೀನ್ಸ್ ಯೂನಿವರ್ಸಿಟಿಗೆ ಸೇರಿದ ಮೇಲೆ. ಅದೂ ಹಾಸ್ಟೆಲ್ಲಿಗೆ ಸಾಮಾನು ಇಳಿಸಿ, ಸಾಂಬಾರ್ ಪುಡಿ ಡಬ್ಬಿ ಕೈಗೆ ಕೊಟ್ಟು ವಾಪಸ್ ಬರುವಷ್ಟು ಹೊತ್ತು. ಈ ಆಗಸ್ಟಿನಲ್ಲಿ ನಾನು ಬೆಂಗಳೂರಿನಿಂದ ಹೋದದ್ದೇ ನೆಪವಾಯಿತು. "ನಯಾಗರ ಎಲ್ಲರೂ ನೋಡ್ತಾರೆ ಚಿಕ್ಕಮ್ಮ, ನೀನು ನಮ್ಮೂರಿಗೆ ಬಾ" ಎಂದು ಹುಡುಗಿ ಫೋನಿನಲ್ಲೇ ಹಟ ಹಿಡಿದಳು. ಆಗಲೇ ಅದು ನಮ್ಮೂರಂತೆ! ಅಕ್ಕನ ಮುಖ ಸಣ್ಣಗಾಯಿತು.

ಟೊರೊಂಟೊದಿಂದ ಸುಮಾರು 260 ಕಿಲೋಮೀಟರ್. ದಾರಿಯಲ್ಲಿ ನೋಡುವಂಥದ್ದು ಜಾಸ್ತಿ ಏನಿಲ್ಲ. ಊರು ಹೊಕ್ಕ ಮೇಲೆ ಮಾತ್ರ ಕಣ್ಣಿಗೆ ಕೆಲಸ ಸಿಕ್ಕಿತು. ಪೇಟೆಯ ಹಳೇ ಕಟ್ಟಡಗಳೆಲ್ಲ ಬೂದು ಬಣ್ಣದ ಸುಣ್ಣಕಲ್ಲಿನವು. ಬ್ಯಾಂಕೂ ಕಲ್ಲು, ಚರ್ಚೂ ಕಲ್ಲು, ಪಿಜ್ಜಾ ಅಂಗಡಿಯೂ ಕಲ್ಲು. ನೆಲ ಅಗೆದರೆ ಸಿಗುವುದೂ ಅದೇ ಕಲ್ಲು. ಭಾವ ಕೆನಡಾಕ್ಕೆ ಹೋಗುವ ಮುಂಚೆ ನಮ್ಮ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಕಾರು ನಿಲ್ಲಿಸಿದ್ದೇ ತಡ, ಎದುರಿನ ಗೋಡೆಯ ಹತ್ತಿರ ಹೋಗಿ ಗಾರೆಯ ಸಂದಿಗೆ ಉಗುರು ಹಾಕಿ ನೋಡತೊಡಗಿದರು. "ಅಪ್ಪಾ, ಅದು ಯಾರದೋ ಮನೆ" ಎಂದು ಮಗಳು ಕೈ ಹಿಡಿದು ಎಳೆದುಕೊಂಡು ಬಂದಳು.

ಇಲ್ಲಿನ ಕಥೆಯೆಲ್ಲ ಭೂಪಟದಲ್ಲೇ ಇದೆ. ಒಂಟಾರಿಯೊ ಸರೋವರ ಮುಗಿದು ಸೇಂಟ್ ಲಾರೆನ್ಸ್ ನದಿ ಹೊರಡುವುದು ಇಲ್ಲಿಂದ. ಉತ್ತರದ ಕಡೆಯಿಂದ ಕ್ಯಾಟರಾಕ್ವಿ ನದಿ ಬಂದು ಸೇರುವುದೂ ಇಲ್ಲೇ. ನೀರಿನ ಆಚೆ ದಡ ಅಮೆರಿಕ. ಇಂಥ ಜಾಗವನ್ನು ಯಾರಾದರೂ ಸುಮ್ನೆ ಬಿಡುತ್ತಾರಾ? 1673ರಲ್ಲಿ ಫ್ರೆಂಚರು ಬಂದು ಕೋಟೆ ಕಟ್ಟಿದರು. 1758ರಲ್ಲಿ ಬ್ರಿಟಿಷರು ಅದನ್ನು ಕಿತ್ತುಕೊಂಡರು. ಅಮೆರಿಕ ಸ್ವತಂತ್ರವಾದಾಗ ಅಲ್ಲಿದ್ದ ರಾಜನಿಷ್ಠರು ಗಂಟುಮೂಟೆ ಕಟ್ಟಿಕೊಂಡು ಈ ದಡಕ್ಕೆ ಬಂದು ನೆಲೆಸಿದರು. ಅದಾದ ಮೇಲೆ ಈ ಊರಿಗೆ ಒಂದೇ ಚಿಂತೆ: ಅಮೆರಿಕದವರು ಯಾವಾಗ ದಂಡೆತ್ತಿ ಬರುತ್ತಾರೆ?

ಸಂಜೆ ಫೋರ್ಟ್ ಹೆನ್ರಿಗೆ ಹೊರಟೆವು. ಪೇಟೆಯಿಂದ ಕೋಟೆಗೆ ಹೋಗಲು ಲಾಸಾಲ್ ಕಾಸ್‌ವೇ ಎಂಬ, ನೀರಿನ ನಡುವಿನ ಏರಿ ರಸ್ತೆ ದಾಟಬೇಕು. ಇಲ್ಲಿ 1917ರ ಒಂದು ಎತ್ತುವ ಸೇತುವೆ ಇತ್ತು. ಮುಂದೆ ಗೋಲ್ಡನ್ ಗೇಟ್ ಸೇತುವೆಯಿಂದ ಹೆಸರು ಮಾಡಿದ ಜೋಸೆಫ್ ಸ್ಟ್ರಾಸ್ ಅವರ ವಿನ್ಯಾಸ. 2024ರಲ್ಲಿ ದುರಸ್ತಿ ನಡೆಯುವಾಗಲೇ ಪೆಟ್ಟು ತಿಂದು, ಕೊನೆಗೆ ಕಳಚಿ ಹಾಕಬೇಕಾಯಿತು. ಭಾವನಿಗೆ ಇದನ್ನು ಕೇಳಿ ಬಹಳ ಬೇಜಾರು. ಕೋಟೆ ಮುಟ್ಟುವವರೆಗೂ ಅದೇ ಮಾತು.

ಫೋರ್ಟ್ ಹೆನ್ರಿ ಇರುವುದು ಗುಡ್ಡದ ಮೇಲೆ. ಬ್ರಿಟನ್, ಅಮೆರಿಕ ನಡುವಿನ 1812ರ ಯುದ್ಧದ ಕಾಲದಲ್ಲಿ ಇಲ್ಲಿ ಒಂದು ಕೋಟೆ ಕಟ್ಟಿದ್ದರು. ಈಗ ನೋಡುವುದು ಅದನ್ನು ಕೆಡವಿ 1832ರಿಂದ 1837ರ ತನಕ ಕಟ್ಟಿದ್ದು. ದೂರದಿಂದ ನೋಡಿದರೆ ಕೋಟೆ ಅನ್ನಿಸುವುದೇ ಇಲ್ಲ. ನಮ್ಮ ಚಿತ್ರದುರ್ಗದ ಹಾಗೆ ಬಂಡೆ ಏರಿ ಎದ್ದು ನಿಂತಿಲ್ಲ. ಗುಡ್ಡದೊಳಗೆ ಹುದುಗಿ ಕೂತಿದೆ. ಹತ್ತಿರ ಹೋದಾಗಲೇ ಆಳವಾದ ಒಣ ಕಂದಕ, ಆಚೆಗೆ ಗೋಡೆ, ಗೋಡೆಯುದ್ದಕ್ಕೂ ಕೋವಿಯ ಕಂಡಿಗಳು ಕಾಣುವುದು. ಶತ್ರುವಿನ ಫಿರಂಗಿಗೆ ಗುರಿ ಸಿಗಬಾರದು ಎಂದೇ ಈ ತಗ್ಗು. ಕೋಟೆಯ ಮುಖ್ಯ ಬಲ ಇರುವುದು ನೀರಿನ ಕಡೆಗಲ್ಲ, ನೆಲದ ಕಡೆಗೆ. ಗುಡ್ಡದ ಹಿಂದಿನಿಂದ ಬರುವವನನ್ನು ತಡೆಯುವುದು ಕಷ್ಟ ಅಂತ ಲೆಕ್ಕ.

ಯಾರೂ ಬರಲಿಲ್ಲ. ಈ ಕೋಟೆಯ ಮೇಲೆ ಒಮ್ಮೆಯೂ ದಾಳಿ ಆಗಿಲ್ಲ. 1870ರಲ್ಲಿ ಬ್ರಿಟಿಷ್ ಸೈನ್ಯ ಹೊರಟುಹೋಯಿತು. ಕೋಟೆ ಪಾಳುಬಿತ್ತು. 1930ರ ದಶಕದಲ್ಲಿ ಕೆಲಸವಿಲ್ಲದವರಿಗೆ ಕೂಲಿ ಸಿಗಲಿ ಎಂದು ದುರಸ್ತಿ ಮಾಡಿಸಿ, 1938ರಲ್ಲಿ ಜನರಿಗೆ ತೆರೆದರು. ಎರಡೂ ಮಹಾಯುದ್ಧಗಳಲ್ಲಿ ಇದು ಸೆರೆಯಾಳುಗಳ ಶಿಬಿರವಾಗಿತ್ತು. ಶತ್ರುಗಳು ಬಂದದ್ದೇನೋ ಹೌದು, ಕೈಕೋಳ ತೊಟ್ಟು ಬಂದರು.

ಬೇಸಿಗೆಯ ಕೆಲವು ಸಂಜೆಗಳಲ್ಲಿ ಇಲ್ಲಿ ಸೂರ್ಯಾಸ್ತದ ಕವಾಯತು ನಡೆಯುತ್ತದೆ. ಮೆಟ್ಟಿಲ ಮೇಲೆ ಜಾಗ ಹಿಡಿದು ಕೂತೆವು. ಫೋರ್ಟ್ ಹೆನ್ರಿ ಗಾರ್ಡ್ ಎಂಬ ಪಡೆ, 1867ರ ಬ್ರಿಟಿಷ್ ಸಿಪಾಯಿಗಳ ಉಡುಪಿನಲ್ಲಿ, ಆ ಕಾಲದ್ದೇ ಕವಾಯತು ಮಾಡುತ್ತದೆ. ಹೆಚ್ಚಿನವರು ಕಾಲೇಜು ಹುಡುಗ ಹುಡುಗಿಯರು, ಬೇಸಿಗೆ ರಜೆಯ ಕೆಲಸಕ್ಕೆ ಬಂದವರು. ಡೋಲು, ಕೊಳಲು ಮೊದಲಾದವು. ಸಾಲುಗಳು ಒಡೆದು, ಚೌಕವಾಗಿ, ಮತ್ತೆ ಸಾಲಾದವು. ನಮ್ಮ ಮುಂದೆಯೇ ನಿಂತಿದ್ದ ಹುಡುಗನ ಕೆಂಪು ಉಣ್ಣೆ ಕೋಟಿನ ಕಾಲರು ಬೆವರಿಗೆ ನೆನೆದು ಕಪ್ಪಾಗಿತ್ತು. ಒಂದು ನೊಣ ಅವನ ಕಿವಿಯ ಸುತ್ತ ಹಾರುತ್ತಲೇ ಇತ್ತು. ಹುಡುಗ ಕಣ್ಣು ಕೂಡ ಮಿಟುಕಿಸಲಿಲ್ಲ. "ನನ್ನ ಕ್ಲಾಸ್‌ಮೇಟು ಅವನು. ಲ್ಯಾಬಿನಲ್ಲಿ ಎರಡು ನಿಮಿಷ ಸುಮ್ನೆ ನಿಲ್ಲಲ್ಲ" ಎಂದಳು ನಮ್ಮ ಹುಡುಗಿ. ಪಡೆಗೆ ಡೇವಿಡ್ ಹೆಸರಿನ ಒಂದು ಆಡೂ ಇದೆ. ಅದೇ ಪಡೆಯ ಲಾಂಛನ ಪ್ರಾಣಿ. ಗತ್ತಿನಿಂದ ಮೆರವಣಿಗೆಯಲ್ಲಿ ಬರುತ್ತದೆ. ಜನ ಚಪ್ಪಾಳೆ ಜಾಸ್ತಿ ತಟ್ಟಿದ್ದು ಅದಕ್ಕೇ.

ಫಿರಂಗಿ ಹಾರಿಸಿದಾಗ ಶಬ್ದ ಎದೆಗೇ ಬಡಿಯಿತು. ಅಕ್ಕ ಕಿವಿ ಮುಚ್ಚಿಕೊಂಡು, "ಯುದ್ಧ ಆಗದೇ ಇದ್ದದ್ದು ಒಳ್ಳೇದೇ ಆಯ್ತು" ಎಂದಳು.

ಗುರುವಾರ

ಬೆಳಗ್ಗೆ ಮೊದಲು ಸಂತೆ. ಸಿಟಿ ಹಾಲ್‌ನ ಬೆನ್ನಿಗೇ ಸ್ಪ್ರಿಂಗರ್ ಮಾರ್ಕೆಟ್ ಸ್ಕ್ವೇರ್. 1801ರಿಂದ ಇಲ್ಲಿ ಸಂತೆ ಕೂಡುತ್ತಿದೆ. ಈಗಲೂ ಮಂಗಳವಾರ, ಗುರುವಾರ, ಶನಿವಾರ ಸುತ್ತಲ ರೈತರು ಬರುತ್ತಾರೆ. ಆಗಸ್ಟಾದ್ದರಿಂದ ಜೋಳದ ತೆನೆ, ಬ್ಲೂಬೆರಿ, ಟೊಮೇಟೊ ರಾಶಿ ರಾಶಿ. ಮೇಪಲ್ ಸಿರಪ್ಪಿನ ಬಾಟಲಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅಕ್ಕ ಹಳೇ ಅಭ್ಯಾಸ ಬಿಡದೆ ಜೋಳದ ಸಿಪ್ಪೆ ಸುಲಿದು ಕಾಳು ಒತ್ತಿ ನೋಡಲು ಹೋದಳು. ಅಂಗಡಿಯಾಕೆ ನಗುತ್ತಲೇ "ಬೇಡ" ಎಂದು ಬೆರಳಾಡಿಸಿದಳು. ಚೌಕಾಸಿಯಂತೂ ಇಲ್ಲವೇ ಇಲ್ಲ. ಚಳಿಗಾಲದಲ್ಲಿ ಈ ಚೌಕದಲ್ಲೇ ಮಂಜುಗಡ್ಡೆ ಹಾಸಿ ಸ್ಕೇಟಿಂಗ್ ಆಡುತ್ತಾರಂತೆ.

ಸಿಟಿ ಹಾಲ್ ನೋಡಿದವರಿಗೆ ಒಂದು ಅನುಮಾನ ಬರಲೇಬೇಕು. ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಗುಮ್ಮಟ ಯಾಕೆ? ಕಂಬಗಳೇನು, ಸಭಾಂಗಣವೇನು, ನೀರಿನ ಕಡೆಗೆ ಮುಖ ಮಾಡಿ ನಿಂತ ಠೀವಿಯೇನು! ಉತ್ತರ ಸರಳ. 1841ರಲ್ಲಿ ಕಿಂಗ್‌ಸ್ಟನ್ ಆಗಿನ ಕೆನಡಾ ಪ್ರಾಂತದ ರಾಜಧಾನಿಯಾಯಿತು. ರಾಜಧಾನಿಗೆ ತಕ್ಕ ಕಟ್ಟಡ ಬೇಡವಾ ಎಂದು ಊರಿನವರು ವಾಸ್ತುಶಿಲ್ಪಿ ಜಾರ್ಜ್ ಬ್ರೌನ್ ಅವರಿಂದ ನಕ್ಷೆ ಹಾಕಿಸಿ, 1843ರಲ್ಲಿ ಕೆಲಸ ಶುರುಮಾಡಿದರು. 1844ರಲ್ಲಿ ಕಟ್ಟಡ ಎದ್ದು ನಿಂತಿತು. ಅದೇ ವರ್ಷ ರಾಜಧಾನಿ ಮಾಂಟ್ರಿಯಲ್‌ಗೆ ಎದ್ದುಹೋಯಿತು. ಊರಿನ ಕೈಯಲ್ಲಿ ಉಳಿದದ್ದು ಗುಮ್ಮಟ ಮತ್ತು ಸಾಲ.

ಬೇಸಿಗೆಯಲ್ಲಿ ಒಳಗೆ ಉಚಿತವಾಗಿ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಮೆಮೋರಿಯಲ್ ಹಾಲ್‌ನ ಬಣ್ಣದ ಗಾಜಿನ ಕಿಟಕಿಗಳನ್ನು ತಪ್ಪಿಸಿಕೊಳ್ಳಬೇಡಿ. ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿನವು. ಒಬ್ಬ ಸೈನಿಕನ ಬೂಟಿನ ಮೇಲೆ ಕಂದು ಗಾಜಿನ ಕೆಸರು ಮಾಡಿದ್ದಾರೆ. ಅಷ್ಟು ಎತ್ತರದಲ್ಲಿ ಯಾರು ನೋಡುತ್ತಾರೆ ಅಂತ ಆ ಕೆಲಸಗಾರ ಅಂದುಕೊಳ್ಳಲಿಲ್ಲ, ನೋಡಿ.

ಹಾಗಾದರೆ ರಾಜಧಾನಿಯಾಗಿದ್ದಾಗ ಶಾಸನಸಭೆ ಎಲ್ಲಿ ಸೇರುತ್ತಿತ್ತು? ಆಸ್ಪತ್ರೆಯಲ್ಲಿ! ಕಿಂಗ್‌ಸ್ಟನ್ ಜನರಲ್ ಆಸ್ಪತ್ರೆಯ ಕಟ್ಟಡ 1835ರಲ್ಲೇ ತಯಾರಾಗಿತ್ತು. ನಡೆಸಲು ದುಡ್ಡಿಲ್ಲದೆ ಹೆಚ್ಚುಕಡಿಮೆ ಖಾಲಿ ಬಿದ್ದಿತ್ತು. 1841ರ ಜೂನ್ 14ರಂದು ಪ್ರಾಂತದ ಮೊದಲ ಶಾಸನಸಭೆ ಸೇರಿದ್ದು ಅಲ್ಲೇ. ಈಗ ಅದು ಕೆಲಸ ಮಾಡುವ ಆಸ್ಪತ್ರೆ, ನಾವು ಹೊರಗಿನಿಂದ ನೋಡಿದೆವು. ಆದರೆ ಆ ಆವರಣಕ್ಕೆ ಇನ್ನೊಂದು ಕಥೆ ಇದೆ. 1847ರಲ್ಲಿ ಐರ್ಲೆಂಡಿನ ಬರಗಾಲಕ್ಕೆ ಓಡಿಬಂದ ಜನ ಹಡಗುಗಳಲ್ಲಿ ಟೈಫಸ್ ಜ್ವರ ಹೊತ್ತು ಬಂದಿಳಿದರು. ಸುಮಾರು 1,400 ಮಂದಿ ಈ ಊರಲ್ಲೇ ಸತ್ತರು. ಅವರನ್ನು ಆಸ್ಪತ್ರೆಯ ಪಕ್ಕದಲ್ಲೇ ಒಟ್ಟಿಗೆ ಹೂಳಿದರು. ಕಾಲುಹಾದಿಯಲ್ಲಿ ಕಾಫಿ ಹಿಡಿದು ಹೋಗುವ ಹುಡುಗರನ್ನು ನೋಡುತ್ತಾ ಇದನ್ನು ಕೇಳುವುದು ಕಷ್ಟವಾಯಿತು.

ಆಸ್ಪತ್ರೆ ದಾಟಿದರೆ ಯೂನಿವರ್ಸಿಟಿಯೇ. ಬೇಲಿ ಇಲ್ಲ, ಗೇಟು ಇಲ್ಲ. ಊರು ಎಲ್ಲಿ ಮುಗಿಯಿತು, ಕಾಲೇಜು ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ. ರಾಜಧಾನಿ ಬಂದ 1841ರಲ್ಲೇ, ಅಕ್ಟೋಬರ್ 16ರಂದು, ವಿಕ್ಟೋರಿಯಾ ರಾಣಿಯ ಸನ್ನದಿನಿಂದ ಕ್ವೀನ್ಸ್ ಹುಟ್ಟಿತು. ಸ್ಕಾಟ್ಲೆಂಡ್ ಮೂಲದ ಪ್ರೆಸ್ಬಿಟೇರಿಯನ್ ಚರ್ಚಿನವರು ಪಾದ್ರಿಗಳನ್ನು ತಯಾರು ಮಾಡಲು ಶುರುಮಾಡಿದ್ದು. ಮರುವರ್ಷ ಒಂದು ಬಾಡಿಗೆ ಮನೆಯಲ್ಲಿ ಇಬ್ಬರು ಪ್ರಾಧ್ಯಾಪಕರು, ಬೆರಳೆಣಿಕೆಯ ಹುಡುಗರು. "ರಾಜಧಾನಿ ಹೋಯ್ತು, ನಾವು ಉಳಿದ್ವಿ" ಎಂದು ನಮ್ಮ ಹುಡುಗಿ ತಾನೇ ಅಡಿಗಲ್ಲು ಇಟ್ಟವಳ ಹಾಗೆ ಹೇಳಿದಳು.

ಗ್ರಾಂಟ್ ಹಾಲ್ 1905ರದ್ದು. ಅದರ ಗಡಿಯಾರದ ಗೋಪುರವೇ ಇಲ್ಲಿನ ಗುರುತು. ಹಣ ಹೊಂದಿಸಿದ್ದರಲ್ಲಿ ವಿದ್ಯಾರ್ಥಿಗಳದ್ದೇ ದೊಡ್ಡ ಪಾಲು. ಅಕ್ಕ ಅದರ ಮುಂದೆ ಮಗಳನ್ನು ನಿಲ್ಲಿಸಿ ಫೋಟೋ ತೆಗೆದಳು. ಹುಡುಗಿ ಆ ಬಿಸಿಲಲ್ಲೂ ಎಂಜಿನಿಯರಿಂಗ್‌ನವರ ಹಳದಿ ಚರ್ಮದ ಜಾಕೆಟ್ ಹಾಕಿಕೊಂಡೇ ನಿಂತಳು. ಮೊದಲ ವರ್ಷದ ಎಂಜಿನಿಯರಿಂಗ್ ಮಕ್ಕಳಿಗೆ ಇಲ್ಲೊಂದು ವಿಚಿತ್ರ ಆಚರಣೆ ಇದೆ. ಕೆಸರು ನೀರಿನ ಹೊಂಡದ ನಡುವೆ ಒಂದು ಕಬ್ಬಿಣದ ಕಂಬ. ಅದಕ್ಕೆ ಜಿಡ್ಡು ಮೆತ್ತಿರುತ್ತಾರೆ. ಎಲ್ಲರೂ ಹೆಗಲ ಮೇಲೆ ಹೆಗಲು ಕೊಟ್ಟು ಹತ್ತಿ, ತುದಿಯಲ್ಲಿರುವ ಟೋಪಿ ಕೀಳಬೇಕು. ಆ ಕಂಬ 1955ರಲ್ಲಿ ಟೊರೊಂಟೊ ಯೂನಿವರ್ಸಿಟಿಯ ಮೈದಾನದಿಂದ ಎಗರಿಸಿಕೊಂಡು ಬಂದ ಗೋಲು ಕಂಬವಂತೆ. ಇವಳು ಕೆಳಗಿನ ಸಾಲಿನಲ್ಲಿ ನಿಂತಿದ್ದಳಂತೆ. ವಾರಗಟ್ಟಲೆ ಕೂದಲಿನ ಜಿಡ್ಡು ಹೋಗಿರಲಿಲ್ಲವಂತೆ. "ಇದಕ್ಕಾ ನಾನು ಫೀಸು ಕಟ್ಟಿದ್ದು?" ಎಂದರು ಭಾವ. ಅವರು ಅಲ್ಲಿಯೇ ಕೃಷ್ಣಾಷ್ಟಮಿಯ ಜಾರುಗಂಬದ ಕಥೆ ಶುರುಮಾಡಿದ ಮೇಲೆ ಆ ಆಕ್ಷೇಪಣೆ ಬಿದ್ದುಹೋಯಿತು.

ಭೌತಶಾಸ್ತ್ರ ವಿಭಾಗ ಇರುವುದು ದುಂಡನೆಯ ಸ್ಟಿರ್ಲಿಂಗ್ ಹಾಲ್‌ನಲ್ಲಿ. 2015ರ ನೊಬೆಲ್ ಹಂಚಿಕೊಂಡ ಆರ್ಥರ್ ಮೆಕ್‌ಡೊನಾಲ್ಡ್ ಇದೇ ಯೂನಿವರ್ಸಿಟಿಯವರು. ಅವರ ತಂಡ ಸಡ್ಬರಿಯ ನಿಕ್ಕೆಲ್ ಗಣಿಯಲ್ಲಿ, ಎರಡು ಕಿಲೋಮೀಟರ್ ಆಳದಲ್ಲಿ, ಸಾವಿರ ಟನ್ ಭಾರಜಲವನ್ನು ಸಾಲ ತಂದು ತುಂಬಿಸಿಟ್ಟು ಸೂರ್ಯನಿಂದ ಬರುವ ನ್ಯೂಟ್ರಿನೊಗಳನ್ನು ಹಿಡಿದು ನೋಡಿತು. ಆ ಕಣಗಳು ದಾರಿಯಲ್ಲಿ ರೂಪ ಬದಲಿಸುತ್ತವೆ, ಹಾಗಾಗಿ ಅವಕ್ಕೆ ದ್ರವ್ಯರಾಶಿ ಇರಲೇಬೇಕು ಎಂದು ಗೊತ್ತಾದದ್ದು ಹಾಗೆ. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲೂ 1965ರಲ್ಲೇ ನ್ಯೂಟ್ರಿನೊ ಪತ್ತೆ ಮಾಡಿದ್ದರು ಎಂದು ನಾನು ಹೇಳಿದೆ. ಹುಡುಗಿಗೆ ಅದು ಗೊತ್ತಿರಲಿಲ್ಲ. ನನಗೂ ಸ್ವಲ್ಪ ಜಂಬ ಬಂತು, ಸುಳ್ಳು ಯಾಕೆ.

ಮಿಲ್ಲರ್ ಹಾಲ್‌ನಲ್ಲಿ ಭೂವಿಜ್ಞಾನದ ಪುಟ್ಟ ಮ್ಯೂಸಿಯಂ ಇದೆ, ದುಡ್ಡಿಲ್ಲ. ಊರಿನ ಸುಣ್ಣಕಲ್ಲು ಹೇಗೆ ಬಂತು ಎಂದು ಅಲ್ಲಿ ತಿಳಿಯಿತು. ಸುಮಾರು 45 ಕೋಟಿ ವರ್ಷದ ಹಿಂದೆ ಇಲ್ಲಿ ಆಳವಿಲ್ಲದ ಬೆಚ್ಚನೆಯ ಸಮುದ್ರ ಇತ್ತಂತೆ. ಭಾವ ಅರ್ಧ ಗಂಟೆ ಅಲ್ಲಾಡಲಿಲ್ಲ.

ರಾತ್ರಿ ಊಟಕ್ಕೆ ಕಾಂಬೋಡಿಯಾ ಅಡುಗೆ. ಈ ಊರಿನಲ್ಲಿ ಅಂಥ ಹೋಟೆಲುಗಳು ಜಾಸ್ತಿ. ಸಸ್ಯಾಹಾರಿಗಳು ಮೀನಿನ ಸಾಸ್ ಬೇಡ ಅಂತ ಬಾಯಿಬಿಟ್ಟು ಹೇಳಬೇಕು. ಬಿಲ್ಲಿನ ಮೇಲೆ ಶೇ 13 ತೆರಿಗೆ, ಅದರ ಮೇಲೆ ಟಿಪ್ಪು. ಮೆನುವಿನಲ್ಲಿ ಬರೆದ ಡಾಲರನ್ನು ನಂಬಿ ಜೇಬು ಮುಟ್ಟಬೇಡಿ.

ಶುಕ್ರವಾರ

"ಇವತ್ತು ಜೈಲಿಗೆ" ಎಂದು ಅಕ್ಕ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದಳು. ಆ ಕಡೆಯಿಂದ ಬಂದ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ತಿಂಡಿ ತಣ್ಣಗಾಗಿತ್ತು.

ಕಿಂಗ್‌ಸ್ಟನ್ ಪೆನಿಟೆನ್ಷರಿ ಸರೋವರದ ದಡದಲ್ಲೇ ಇದೆ. ಇಷ್ಟು ಒಳ್ಳೇ ಜಾಗದಲ್ಲಿ ನಮ್ಮಲ್ಲಾದರೆ ರೆಸಾರ್ಟ್ ಎದ್ದಿರುತ್ತಿತ್ತು. 1835ರ ಜೂನ್ 1ರಂದು ಆರು ಕೈದಿಗಳೊಂದಿಗೆ ಶುರುವಾಗಿ, 2013ರ ಸೆಪ್ಟೆಂಬರ್ 30ರಂದು ಮುಚ್ಚಿತು. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಈ ಊರಿಗೆ ಬಂದಿದ್ದರು. ಊರು ಬಡಪಾಯಿ, ಅರ್ಧ ಸುಟ್ಟುಹೋಗಿದೆ, ಇನ್ನರ್ಧ ಇನ್ನೂ ಕಟ್ಟಿಲ್ಲ ಎಂಬ ಧಾಟಿಯಲ್ಲಿ ಬರೆದು, ಜೈಲನ್ನು ಮಾತ್ರ ಹೊಗಳಿಬಿಟ್ಟರು. 1840ರಲ್ಲಿ ದೊಡ್ಡ ಬೆಂಕಿ ಬಿದ್ದಿತ್ತು, ಪಾಪ ಊರೇನು ಮಾಡೀತು.

ಡಿಕನ್ಸ್ ನೋಡಿದ ಒಳ್ಳೇ ಜೈಲಿನಲ್ಲಿ ಆಗ ಮಾತಾಡುವುದೇ ಅಪರಾಧ. ಕೈದಿಗಳು ತಮ್ಮತಮ್ಮಲ್ಲಿ ಮಾತಾಡಬಾರದು, ಸನ್ನೆ ಮಾಡಬಾರದು. ತಪ್ಪಿದರೆ ಚಾಟಿ. ಎಂಟು ವರ್ಷದ ಮಕ್ಕಳೂ ಇಲ್ಲಿದ್ದರು, ಅವರಿಗೂ ಚಾಟಿ ಬಿದ್ದಿತ್ತು. 1848ರಲ್ಲಿ ವಿಚಾರಣಾ ಆಯೋಗ ಕೂತ ಮೇಲೆ ಇದೆಲ್ಲ ಹೊರಗೆ ಬಂತು, ಮೊದಲ ವಾರ್ಡನ್ ಕೆಲಸ ಹೋಯಿತು.

ಗೈಡು ದೊಡ್ಡ ಕಲ್ಲಿನ ಹೆಬ್ಬಾಗಿಲಿಂದ ಕರೆದುಕೊಂಡು ಹೋಗುತ್ತಾರೆ. ನನಗೆ ಹಿಡಿಸಿದ್ದು, ಅಲ್ಲಲ್ಲಿ ಹಿಂದೆ ಇಲ್ಲೇ ಕೆಲಸ ಮಾಡಿದವರು ನಿಂತು ತಾವು ಕಂಡದ್ದನ್ನು ಹೇಳುವುದು. ನಡುವೆ ಗುಮ್ಮಟದ ಕೆಳಗೆ ದುಂಡನೆಯ ಹಜಾರ. ಅಲ್ಲಿಂದ ನಾಲ್ಕೂ ಕಡೆ ಕೋಣೆಗಳ ಸಾಲುಗಳು ಹೊರಡುತ್ತವೆ. ಒಬ್ಬ ಕಾವಲುಗಾರ ನಡುವೆ ನಿಂತರೆ ಎಲ್ಲ ಕಾಣಬೇಕು, ಹಾಗೆ. ಒಂದು ಕಾಲಕ್ಕೆ ಇಲ್ಲೊಂದು ಹಿತ್ತಾಳೆಯ ಗಂಟೆ ಇತ್ತು. ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಕೆಲಸಕ್ಕೆ, ಮಲಗುವುದಕ್ಕೆ, ಎಲ್ಲಕ್ಕೂ ಗಂಟೆ. 1971ರ ಏಪ್ರಿಲ್‌ನಲ್ಲಿ ಕೈದಿಗಳು ದಂಗೆ ಎದ್ದು ಆರು ಕಾವಲುಗಾರರನ್ನು ಒತ್ತೆಯಾಗಿಟ್ಟುಕೊಂಡರು. ನಾಲ್ಕು ದಿನ ನಡೆಯಿತು. ಇಬ್ಬರು ಕೈದಿಗಳು ಸತ್ತರು, ಅವರನ್ನು ಕೊಂದದ್ದೂ ಕೈದಿಗಳೇ. ಆ ಗಲಾಟೆಯಲ್ಲಿ ಸಿಟ್ಟು ತೀರಿಸಿಕೊಂಡದ್ದು ಮೊದಲು ಆ ಗಂಟೆಯ ಮೇಲೆ. ಒಡೆದು ಹಾಕಿದರು.

ಒಂದು ಕೋಣೆಯ ಬಾಗಿಲಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ಗೋಡೆಯ ಬಣ್ಣ ಒಂದು ಕಡೆ, ತಲೆದಿಂಬಿನ ಎತ್ತರಕ್ಕೆ, ಸವೆದು ಒಳಗಿನ ಬೇರೆ ಬಣ್ಣ ಕಾಣುತ್ತಿತ್ತು. ಬೆನ್ನು ಒರಗಿಸಿ ಕೂತು ಕೂತು ಹಾಗಾಗಿರಬೇಕು. ಕಿಟಕಿಯಿಂದ ಸರೋವರ ಕಾಣದು. ಇಷ್ಟು ಹತ್ತಿರ ನೀರಿದೆ, ಕಾಣುವುದು ಬರೀ ಗೋಡೆ. ಅಂಗಳದಲ್ಲಿ ಬೇಲಿ ಹಾಕಿದ ಪುಟ್ಟ ಮನೆಗಳಿವೆ. ನಡತೆ ಒಳ್ಳೆಯದಿದ್ದವರ ಹೆಂಡತಿ ಮಕ್ಕಳು ಬಂದರೆ ಒಂದೆರಡು ದಿನ ಸಂಸಾರದ ಹಾಗೆ ಇರಲು. ಆಟದ ಸಾಮಾನು ನೋಡಿ ಅಕ್ಕ ಮಾತಿಲ್ಲದೆ ಹೊರಗೆ ಬಂದಳು.

ಅಲ್ಲಿಂದ ಬೆಲ್‌ವ್ಯೂ ಹೌಸ್. ಕೆನಡಾದ ಮೊದಲ ಪ್ರಧಾನಿ ಜಾನ್ ಎ. ಮ್ಯಾಕ್‌ಡೊನಾಲ್ಡ್ 1848-49ರಲ್ಲಿ ಬಾಡಿಗೆಗೆ ಇದ್ದ ಮನೆ. ದುರಸ್ತಿಗೆ ಮುಚ್ಚಿದ್ದು 2024ರಲ್ಲಿ ಮತ್ತೆ ತೆರೆಯಿತು. ಈಗ ಅಲ್ಲಿ ಹೊಗಳಿಕೆ ಮಾತ್ರ ಇಲ್ಲ. ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಕಿತ್ತು ವಸತಿ ಶಾಲೆಗೆ ಹಾಕಿದ ವ್ಯವಸ್ಥೆಯಲ್ಲಿ ಆತನ ಪಾತ್ರವನ್ನೂ ಗೋಡೆಯ ಮೇಲೆ ನೇರವಾಗಿ ಬರೆದಿದ್ದಾರೆ. ಸಿಟಿ ಪಾರ್ಕಿನಲ್ಲಿದ್ದ ಆತನ ಪ್ರತಿಮೆಯನ್ನು 2021ರಲ್ಲಿ ತೆಗೆದರು. ಮನೆ ಚೆನ್ನಾಗಿದೆ, ನಮಗೆ ಬೇಗ ಮುಗಿಯಿತು.

ಮಧ್ಯಾಹ್ನ ಮರ್ನಿ ಟವರ್. ನೀರಿನ ಅಂಚಿಗೆ ನಿಂತ ದಪ್ಪನೆಯ ದುಂಡು ಬುರುಜು. ಇಂಥವು ಈ ಊರಿನಲ್ಲಿ ನಾಲ್ಕಿವೆ. ಒಂದು ಸಿಟಿ ಹಾಲ್ ಎದುರಿಗೆ ನೀರೊಳಗೇ ಇದೆ. 1845-46ರಲ್ಲಿ ಪಶ್ಚಿಮದ ಆರೆಗನ್ ಗಡಿಯ ವಿಚಾರಕ್ಕೆ ಬ್ರಿಟನ್, ಅಮೆರಿಕ ಜಗಳಕ್ಕೆ ನಿಂತವು. ಯುದ್ಧ ಆಗೇಬಿಡುತ್ತದೆ ಎಂದು ಅವಸರದಲ್ಲಿ ಇವನ್ನು ಕಟ್ಟತೊಡಗಿದರು. ಬುರುಜು ಮುಗಿಯುವ ಮುಂಚೆಯೇ, 1846ರ ಜೂನ್‌ನಲ್ಲಿ, ರಾಜಿಯಾಯಿತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಹೊಸ ಫಿರಂಗಿಗಳು ಬಂದು ಇವು ಕೆಲಸಕ್ಕೆ ಬಾರದವಾದವು. ಮೇಲಂತಸ್ತಿನಲ್ಲಿ ಫಿರಂಗಿ ಇನ್ನೂ ಇದೆ. ಸುತ್ತಲೂ ತಿರುಗಿಸಲು ಹಳಿ. ಅದರ ಕೆಳಗಿನ ಕೋಣೆಯಲ್ಲಿ ಸಿಪಾಯಿಗಳ ಹೆಂಡತಿ ಮಕ್ಕಳೂ ಅವರ ಜೊತೆಗೇ ಇರುತ್ತಿದ್ದರು. ನಡುವೆ ಕಂಬಳಿ ಕಟ್ಟಿಕೊಂಡರೆ ಅದೇ ಮರೆ.

ಇಷ್ಟು ನೋಡಿದ ಮೇಲೆ ಭಾವ ತಮ್ಮ ತೀರ್ಪು ಕೊಟ್ಟರು. "ಈ ಊರಲ್ಲಿ ಖರ್ಚು ಮಾಡಿದ್ದೆಲ್ಲ ಬರದೇ ಇರೋರಿಗೆ." ಹುಡುಗಿ ಇನ್ನೊಂದು ಸೇರಿಸಿದಳು. ಈಗ ರಾಯಲ್ ಮಿಲಿಟರಿ ಕಾಲೇಜು ಇರುವ ಪಾಯಿಂಟ್ ಫ್ರೆಡ್ರಿಕ್‌ನಲ್ಲಿ 1814ರಲ್ಲಿ ಎಚ್‌ಎಂಎಸ್ ಸೇಂಟ್ ಲಾರೆನ್ಸ್ ಎಂಬ ಯುದ್ಧನೌಕೆ ಕಟ್ಟಿದ್ದರಂತೆ. 112 ಫಿರಂಗಿ, ಬ್ರಿಟಿಷ್ ನೌಕಾಪತಿ ನೆಲ್ಸನ್ನನ ವಿಕ್ಟರಿ ಹಡಗಿಗಿಂತ ಜಾಸ್ತಿ. ಅದು ನೀರಿಗಿಳಿದದ್ದೇ ಎದುರಾಳಿಗಳ ಹಡಗುಗಳು ತಮ್ಮ ಬಂದರಿನಿಂದ ಹೊರಗೇ ಬರಲಿಲ್ಲ. ಒಂದು ಕದನವನ್ನೂ ಮಾಡದೆ, 1832ರಲ್ಲಿ 25 ಪೌಂಡಿಗೆ ಮಾರಾಟವಾಯಿತು. "ಫಿರಂಗಿಗೂ ಅಷ್ಟು ಬೆಲೆ ಬಂದಿರಲಿಲ್ವಾ?" ಎಂದು ಭಾವ ಬಹಳ ಹೊತ್ತು ಲೆಕ್ಕ ಹಾಕಿದರು.

ಬುರುಜಿನಿಂದ ಸ್ವಲ್ಪ ನಡೆದರೆ ಬ್ರೇಕ್‌ವಾಟರ್ ಪಾರ್ಕ್. ಅಲ್ಲಿ ಸರೋವರದೊಳಕ್ಕೆ ಚಾಚಿದ ಗೋರ್ಡ್ ಎಡ್ಗರ್ ಡೌನಿ ಪಿಯರ್, 2018ರಲ್ಲಿ ತೆರೆದದ್ದು. ಡೌನಿ ಈ ಊರಿನ ದಿ ಟ್ರಾಜಿಕಲಿ ಹಿಪ್ ತಂಡದ ಗಾಯಕ. ಮೆದುಳಿನ ಕ್ಯಾನ್ಸರ್ ಎಂದು ಗೊತ್ತಾದ ಮೇಲೂ ದೇಶ ಸುತ್ತಿ ಹಾಡಿ, ಕೊನೆಯ ಕಛೇರಿಯನ್ನು 2016ರ ಆಗಸ್ಟ್ 20ರಂದು ಕಿಂಗ್‌ಸ್ಟನ್‌ನಲ್ಲೇ ಕೊಟ್ಟರು. ದೇಶಕ್ಕೆ ದೇಶವೇ ಟಿವಿ ಮುಂದೆ ಕೂತಿತ್ತಂತೆ. ಮರುವರ್ಷ ತೀರಿಕೊಂಡರು. ಪಿಯರಿನ ತುಂಬ ಹುಡುಗರು, ಒದ್ದೆ ಟವೆಲು, ಚಿಪ್ಸ್ ಪೊಟ್ಟಣ. ಒಬ್ಬೊಬ್ಬರೇ ಓಡಿಬಂದು ಹಾರುತ್ತಿದ್ದರು. ನೀರು ಎಷ್ಟು ತಿಳಿಯೆಂದರೆ ತಳದ ಕಲ್ಲು ಎಣಿಸಬಹುದಿತ್ತು. ನಾನು ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟೆ. ಅಕ್ಕ ಸೀರೆಯಲ್ಲ, ಪ್ಯಾಂಟು ಹಾಕಿದ್ದಾಳೆ ಎಂಬ ಧೈರ್ಯಕ್ಕೆ ಮೊಣಕಾಲವರೆಗೆ ಇಳಿದಳು. ತಣ್ಣಗಿದೆ, ತಣ್ಣಗಿದೆ ಅನ್ನುತ್ತಲೇ ಒಂದು ಗಂಟೆ ಮೇಲೆ ಬರಲಿಲ್ಲ.

ಶನಿವಾರ

ಬೆಳಗ್ಗೆ ವುಲ್ಫ್ ಐಲೆಂಡ್. ಥೌಸಂಡ್ ಐಲೆಂಡ್ಸ್ ದ್ವೀಪಗಳಲ್ಲಿ ಇದೇ ದೊಡ್ಡದು. ಫೆರಿ ಸರ್ಕಾರದ್ದು, ಮನುಷ್ಯರಿಗೂ ಕಾರಿಗೂ ಉಚಿತ. ಇಪ್ಪತ್ತು ನಿಮಿಷದ ದಾರಿ. ನೀರಿನ ಮೇಲಿನಿಂದ ಊರು ನೋಡಬೇಕು: ಗುಮ್ಮಟ, ಬುರುಜು, ಕೋಟೆ, ಆಸ್ಪತ್ರೆ, ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ. ದುಡ್ಡು ಕೊಟ್ಟು ದೋಣಿ ಸವಾರಿ ಮಾಡದವರಿಗೆ ಇದು ಸಾಕು. ದ್ವೀಪದಲ್ಲಿ ಹೊಲ, ಹಸು, ಮತ್ತು 2009ರಲ್ಲಿ ನಿಲ್ಲಿಸಿದ 86 ಗಾಳಿಯಂತ್ರಗಳು. ಇವುಗಳ ಬಗ್ಗೆ ದ್ವೀಪದವರಲ್ಲಿ ಈಗಲೂ ಎರಡು ಪಕ್ಷ. ನಮಗಂತೂ ಗದಗದ ಕಡೆ ಹೋದಷ್ಟೇ ಆಯಿತು.

ಮಧ್ಯಾಹ್ನ ಭಾವ ಬುಧವಾರದಿಂದ ಕಾಯುತ್ತಿದ್ದ ಜಾಗ: ಕಿಂಗ್‌ಸ್ಟನ್ ಮಿಲ್ಸ್. ಪೇಟೆಯಿಂದ ಉತ್ತರಕ್ಕೆ ಸ್ವಲ್ಪ ದೂರ. ರಿಡೋ ಕಾಲುವೆಯ ಈ ತುದಿಯ ಲಾಕ್‌ಗಳು, ಅಂದರೆ ದೋಣಿಗಳನ್ನು ಏರಿಸಿ ಇಳಿಸುವ ಗೇಟಿನ ಕೊಳಗಳು, ಇರುವುದು ಇಲ್ಲಿ. ಆಟವಾದಿಂದ ಕಿಂಗ್‌ಸ್ಟನ್‌ವರೆಗೆ 202 ಕಿಲೋಮೀಟರ್. 1826ರಿಂದ 1832ರ ತನಕ ಕಟ್ಟಿದ್ದು. ಯಾಕೆ ಅಂದರೆ ಅದೇ ಹಳೇ ಭಯ. ಸೇಂಟ್ ಲಾರೆನ್ಸ್ ನದಿ ಗಡಿಯಲ್ಲೇ ಹರಿಯುತ್ತದೆ, ಅಮೆರಿಕದವರು ತಡೆದರೆ ಸೈನ್ಯಕ್ಕೆ ಸಾಮಾನು ಹೋಗುವುದು ಹೇಗೆ? ಹಾಗಾಗಿ ಒಳನಾಡಿನಲ್ಲಿ ಒಂದು ದಾರಿ. ಕೋಟೆ, ಬುರುಜು ಎಲ್ಲ ಕಾಯಬೇಕಾಗಿದ್ದದ್ದು ಈ ಕಾಲುವೆಯ ಬಾಯನ್ನು. 2007ರಲ್ಲಿ ಕಾಲುವೆ, ಕೋಟೆ, ಬುರುಜುಗಳನ್ನು ಒಟ್ಟಿಗೇ ಯುನೆಸ್ಕೊ ವಿಶ್ವ ಪರಂಪರೆಗೆ ಸೇರಿಸಿತು.

ಇಲ್ಲಿ ನಾಲ್ಕು ಲಾಕ್‌ಗಳು ಕಲ್ಲಿನ ಕೊಳಗಳ ಹಾಗೆ ಒಂದರ ಕೆಳಗೊಂದು ಇಳಿಯುತ್ತವೆ. ಬಿಳಿ ದೋಣಿಯೊಂದು ಮೇಲಿನ ಕೊಳಕ್ಕೆ ಬಂದು ನಿಂತಿತು. ಲಾಕಿನ ಹುಡುಗಿಯೊಬ್ಬಳು ಕಬ್ಬಿಣದ ರಾಟೆಯ ಹಿಡಿ ಹಿಡಿದು, ಮೈಭಾರವೆಲ್ಲ ಹಾಕಿ ತಿರುಗಿಸತೊಡಗಿದಳು. ಸರಪಳಿ ಕಿರ್ ಎಂದು ಬಿಗಿಯಿತು. ಮರದ ದೊಡ್ಡ ಗೇಟು ನಿಧಾನಕ್ಕೆ ಮುಚ್ಚಿತು. ಆಮೇಲೆ ಕೆಳಗಿನ ತೂಬು ಎತ್ತಿದರು. ನೀರು ಬುಸುಗುಟ್ಟಿಕೊಂಡು ಕೆಳಗಿನ ಕೊಳಕ್ಕೆ ಹೋಯಿತು. ದೋಣಿ ನಮ್ಮ ಕಣ್ಣೆದುರಿಗೇ ಇಳಿಯುತ್ತಾ ಹೋಗಿ, ಅದರಲ್ಲಿ ಕೂತವರ ಟೋಪಿ ಮಾತ್ರ ಕಂಡಿತು. ಒದ್ದೆ ಗೋಡೆಯ ಮೇಲೆ ಪಾಚಿಯ ಗೆರೆ. ಪಂಪಿಲ್ಲ, ಕರೆಂಟಿಲ್ಲ. ಈ ಕಾಲುವೆಯ ಬಹುತೇಕ ಲಾಕ್‌ಗಳನ್ನು ಇಂದಿಗೂ ಕೈಯಿಂದಲೇ ತಿರುಗಿಸುತ್ತಾರೆ. ಎರಡು ಗೇಟು ಕೂಡುವ ಜಾಗದ ಮೂತಿ ಮೇಲಿನ ನೀರಿನ ಕಡೆಗೆ ಇರುತ್ತದೆ. ನೀರು ಒತ್ತಿದಷ್ಟೂ ಗೇಟು ಬಿಗಿ. "ನೋಡು, ತಡೀಬೇಕಾದ ನೀರಿನ ಕೈಲೇ ಬಾಗಿಲು ಹಾಕಿಸಿದಾನೆ!" ಎಂದು ಭಾವ ನನ್ನ ಭುಜ ಅಲುಗಾಡಿಸಿದರು. ಅವರನ್ನು ಅಷ್ಟು ಖುಷಿಯಾಗಿ ಮಗಳ ನಾಮಕರಣದಲ್ಲೂ ನೋಡಿರಲಿಲ್ಲ.

ಕಾಲುವೆಯ ಕೆಲಸ ನಡೆಸಿದ್ದು ಕರ್ನಲ್ ಜಾನ್ ಬೈ. ಕೂಲಿಗಳಲ್ಲಿ ಐರ್ಲೆಂಡಿನವರು, ಫ್ರೆಂಚ್ ಕೆನಡಾದವರು ಜಾಸ್ತಿ. ಸುಮಾರು ಸಾವಿರ ಮಂದಿ ಸತ್ತರು ಎನ್ನುತ್ತಾರೆ, ಹೆಚ್ಚಿನವರು ರೋಗಕ್ಕೆ. ಅದರಲ್ಲೂ ಮಲೇರಿಯಾ. "ಕೆನಡಾದಲ್ಲಿ ಮಲೇರಿಯಾನಾ?" ಎಂದು ಅಕ್ಕನಿಗೆ ನಂಬಿಕೆ ಬರಲಿಲ್ಲ. ಕಿಂಗ್‌ಸ್ಟನ್ ಕಡೆಯ ಜವುಗು ನೆಲದಲ್ಲಿ ಬೇಸಿಗೆ ಬಂದರೆ ಸೊಳ್ಳೆ, ಜ್ವರ, ಕೆಲಸ ನಿಲ್ಲುವುದು. ಸತ್ತ ಎಷ್ಟೋ ಕೂಲಿಗಳಿಗೆ ಹೆಸರು ಬರೆದ ಕಲ್ಲು ಕೂಡ ಇಲ್ಲ.

ಇಷ್ಟೆಲ್ಲ ಮುಗಿಸಿದ ಬೈಗೆ ಸಿಕ್ಕಿದ್ದೇನು? ಖರ್ಚು ಎಂಟು ಲಕ್ಷ ಪೌಂಡ್ ದಾಟಿತು, ಮಂಜೂರಾತಿ ಮೀರಿತು ಎಂದು ಲಂಡನ್ನಿಗೆ ಕರೆಸಿಕೊಂಡರು. ಬಿರುದಿಲ್ಲ, ಸನ್ಮಾನವಿಲ್ಲ. 1836ರಲ್ಲಿ ತೀರಿಕೊಂಡರು. "ಎಸ್ಟಿಮೇಟ್ ರಿವೈಸ್ ಮಾಡಿಸ್ಕೊಂಡಿರಬೇಕಿತ್ತು" ಎಂದರು ಭಾವ, ಸ್ವಂತ ಅನುಭವದ ದನಿಯಲ್ಲಿ. ಕಾಲುವೆಯಲ್ಲಿ ಯುದ್ಧದ ಸಾಮಾನು ಹೋಗುವ ಪ್ರಸಂಗ ಬರಲೇ ಇಲ್ಲ. ಆದರೆ ಆ ತುದಿಯಲ್ಲಿ ಕೂಲಿಗಳು, ಕಲ್ಲುಕುಟಿಗರು ಇದ್ದ ಬಿಡಾರ ಬೈಟೌನ್ ಎಂಬ ಊರಾಗಿ, 1855ರಲ್ಲಿ ಆಟವಾ ಎಂದು ಹೆಸರು ಬದಲಿಸಿಕೊಂಡು, 1857ರ ಕೊನೆಗೆ ರಾಣಿಯ ಆಯ್ಕೆಯಲ್ಲಿ ರಾಜಧಾನಿಯಾಯಿತು. ಗುಮ್ಮಟ ಕಟ್ಟಿಸಿಕೊಂಡ ಕಿಂಗ್‌ಸ್ಟನ್‌ಗೆ ಇನ್ನೊಮ್ಮೆ ಕೈತಪ್ಪಿತು. ಅಮೆರಿಕದ ಗಡಿಯಿಂದ ದೂರ ಇದೆ ಎಂಬುದೂ ಆಟವಾ ಪರವಾದ ಒಂದು ಕಾರಣ.

ನೋಡದೆ ಬಿಟ್ಟದ್ದೂ ಇದೆ. 1907ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ ಕೀವಾಟಿನ್ ಎಂಬ ಹಳೇ ಪ್ರಯಾಣಿಕರ ಹಡಗು 2023ರಿಂದ ಇಲ್ಲಿನ ಗ್ರೇಟ್ ಲೇಕ್ಸ್ ಮ್ಯೂಸಿಯಂನಲ್ಲಿದೆ. ಆ ಕಾಲದ ಕಾಲುವೆಗಳಲ್ಲಿ ಹಿಡಿಯದೆ ಹಡಗನ್ನು ಎರಡು ತುಂಡು ಮಾಡಿ ತಂದು, ಬಫಲೊದಲ್ಲಿ ಮತ್ತೆ ಬೆಸೆದಿದ್ದರಂತೆ. ಈ ಸುದ್ದಿ ಹುಡುಗಿಯ ಬಾಯಿಂದ ಬಂದದ್ದು ನಾವು ಕಾರು ಹತ್ತಿದ ಮೇಲೆ. "ಮೊದಲೇ ಹೇಳೋಕೇನಾಗಿತ್ತು?" ಎಂದು ಭಾವ ಹಿಂದೆ ತಿರುಗಿದರು. "ಹೇಳಿದ್ರೆ ನೀವು ಇವತ್ತು ಹೊರಡ್ತಿದ್ರಾ ಅಪ್ಪಾ? ಸೋಮವಾರ ನಂಗೆ ಲ್ಯಾಬಿದೆ" ಎಂದಳು ಮಗಳು.